ಹಸಿವಿಲ್ಲದ ಉಪವಾಸ

ದುಬೋಚ್ಕಾ
24 ಮಾರ್ಚ್ 2002

ಪ್ರೀತಿಯ ದೆಸಂಕಾ ಅಕ್ಕನಿಗೆ,

ಫೋನ್ ಮಾಡೋಣವೆಂದರೆ ನಮ್ಮದೂ ಪಕ್ಕದ ಮನೆಯದೂ ಒಂದೇ ಲೈನು. ನಾನು ಎರಡು ಮಾತು ಹೆಚ್ಚು ಆಡಿದರೆ ಅವರು ಬೇಲಿಯ ಮೇಲಿಂದ ಕೂಗುತ್ತಾರೆ. ಅದಕ್ಕೇ ಇಟಲಿಗೆ ಹೋಗುವ ತ್ರಿಯೆಸ್ತೆ ಬಸ್ಸಿನ ಡ್ರೈವರ್ ರಾಡೋಯೆ ಕೈಗೆ ಈ ಕಾಗದ ಕೊಡುತ್ತಿದ್ದೇನೆ. ಜೊತೆಗೆ ಒಣಗಿಸಿದ ಮೆಣಸಿನಕಾಯಿ ಇದೆ. ಅವನು ದಾರಿಯಲ್ಲಿ ತಿನ್ನದಿದ್ದರೆ ನಿನಗೆ ತಲುಪೀತು.

ಈಸ್ಟರ್ ಮುಂಚಿನ ದೊಡ್ಡ ಉಪವಾಸದ ಮೊದಲ ವಾರ ಮುಗಿಯಿತು. ಈ ಸಲ ಎಣ್ಣೆಯೂ ಇಲ್ಲದೆ, ಬರೀ ನೀರಿನಲ್ಲಿ ಬೇಯಿಸಿದ್ದನ್ನು ತಿಂದೆ. ನನ್ನ ಬಗ್ಗೆ ನಿನಗೆ ಗೊತ್ತಲ್ಲ, ಪ್ರತಿ ವರ್ಷ ಮೂರನೇ ದಿನಕ್ಕೇ ನೆಲಮಾಳಿಗೆಗೆ ಹೋಗಿ ಗಿಣ್ಣು ಕದಿಯುತ್ತಿದ್ದವಳು. ಈ ವರ್ಷ ಹಾಗಿಲ್ಲ. ಹಸಿವೇ ಇಲ್ಲ ಅಕ್ಕಾ! ಬೀನ್ಸ್ ಕಾಳಿನ ಸಾರು ನಾಲ್ಕು ಚಮಚ ಕುಡಿದರೆ ಹೊಟ್ಟೆ ತುಂಬಿಬಿಡುತ್ತದೆ. ಚರ್ಚಿನಲ್ಲಿ ಪಾದ್ರಿ ಸವಾ ಅವರಿಗೆ ಹೇಳಿದೆ. "ಐವತ್ತು ವರ್ಷ ಉಪವಾಸ ಮಾಡಿದ್ದಕ್ಕೆ ಈಗ ಕೃಪೆ ಸಿಕ್ಕಿದೆ ಕಣಮ್ಮ, ಜೋಪಾನವಾಗಿ ಇಟ್ಕೋ" ಎಂದರು. ನನಗೆ ಅಳುವೇ ಬಂತು.

ಒಂದೇ ತೊಂದರೆ, ಹೊಟ್ಟೆ ಉಬ್ಬರ. ಬೀನ್ಸು, ಪೀಪಾಯಿಯ ಹುಳಿ ಎಲೆಕೋಸು, ಮತ್ತೆ ಬೀನ್ಸು. ಇನ್ನೇನಾಗುತ್ತದೆ? ಲಂಗದ ಗುಂಡಿ ಹಾಕಲಾಗುತ್ತಿಲ್ಲ. ನನ್ನ ಗಂಡ ಮಹಾಶಯ ಮಿಲುಟಿನ್ ಊಟದ ಮೇಜಿನ ಆಚೆಯಿಂದ ನೋಡಿ, "ಉಪವಾಸ ಮಾಡಿ ದಪ್ಪಗಾದವಳು ಇಡೀ ಸರ್ಬಿಯಾದಲ್ಲಿ ನೀನೊಬ್ಬಳೇ ಕಣೇ" ಅಂದ. ಮಂಗ.

ಈ ವರ್ಷ ಯಾಕಿಷ್ಟು ಕಟ್ಟುನಿಟ್ಟು ಎಂದು ನಿನಗೆ ಹೇಳದಿದ್ದರೂ ಗೊತ್ತಾಗುತ್ತದೆ. ಅಮ್ಮ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡ ವಯಸ್ಸಿಗೆ ನಾನು ಹತ್ತಿರ ಬಂದಿದ್ದೇನೆ. ಅಮ್ಮ ಜೀವಮಾನವಿಡೀ ಹಂದಿಕೊಬ್ಬನ್ನು ಬ್ರೆಡ್ಡಿಗೆ ಸವರಿಕೊಂಡು ತಿಂದಳು. ತಾನೇ "ಊಟ ಬಲ್ಲವನಿಗೆ ರೋಗವಿಲ್ಲ" ಅನ್ನುತ್ತಿದ್ದಳು, ತಾನೇ ಬಲ್ಲವಳಾಗಲಿಲ್ಲ. ನಾನು ಕಳೆದ ಶರತ್ಕಾಲದಿಂದ ಕೊಬ್ಬು ಮುಟ್ಟಿಲ್ಲ. ನನಗೆ ಭಯವಿದೆ ಅಕ್ಕಾ. ಆದರೆ ಈ ಹಸಿವಿಲ್ಲದ ಉಪವಾಸ ನೋಡಿ ಸ್ವಲ್ಪ ಧೈರ್ಯ ಬಂದಿದೆ.

ನಿನ್ನ ತಂಗಿ,
ಯಾಗೋದಾ


ತ್ರಿಯೆಸ್ತೆ
9 ಏಪ್ರಿಲ್ 2002

ನನ್ನ ಮುದ್ದು ಯಾಗೋದಾ,

ಮೆಣಸಿನಕಾಯಿ ಬಂತು, ಅರ್ಧ. ಇನ್ನರ್ಧ ರಾಡೋಯೆಯ ಹೊಟ್ಟೆಯಲ್ಲಿ ಉರಿಯಲಿ.

ನಿನ್ನ ಕಾಗದ ಓದಿ ಹೊಟ್ಟೆಕಿಚ್ಚಾಯಿತು. ನಾನು ಇಲ್ಲಿ ನೋಡಿಕೊಳ್ಳುವ ಸಿನ್ಯೋರಾಳ ಜೊತೆ ಶುಕ್ರವಾರವೂ ಹ್ಯಾಮ್ ತಿನ್ನುವ ಪಾಪಿ. ತೊಂಬತ್ತರ ಮುದುಕಿ, ತಾನೊಬ್ಬಳೇ ತಿನ್ನುವುದಿಲ್ಲ, ಎದುರಿಗೆ ಕೂತು ನಾನೂ ತಿನ್ನಬೇಕು. ನೀನಾದರೂ ಮನೆಯ ಮಾನ ಉಳಿಸಿದೆ. ಅಮ್ಮನಿಗೆ ಬಂದದ್ದು ನಿನ್ನ ಹತ್ತಿರ ಸುಳಿಯುವುದಿಲ್ಲ. ನಿನ್ನ ಹಾಗೆ ತಿನ್ನುವವರಿಗೆ ಬರುವುದೇ ಇಲ್ಲ.

ಉಬ್ಬರಕ್ಕೆ ಹೆದರಬೇಡ. ಬೀನ್ಸನ್ನು ರಾತ್ರಿ ನೆನೆಹಾಕುತ್ತೀಯೋ ಇಲ್ಲವೋ? ಒಂದು ಕುದಿ ಬಂದ ಮೇಲೆ ಮೊದಲ ನೀರು ಚೆಲ್ಲು. ನೀನು ಸೋಮಾರಿ, ಚೆಲ್ಲುವುದಿಲ್ಲ, ನನಗೆ ಗೊತ್ತು. ಸೋಂಪು, ಪುದೀನ ಕಳಿಸಿದ್ದೇನೆ, ಊಟವಾದ ಮೇಲೆ ಕುದಿಸಿ ಕುಡಿ.

ಗುಂಡಿಯ ವಿಷಯಕ್ಕೆ ಬಂದರೆ, ನಾವಿಬ್ಬರೂ ಒಬ್ಬಳೇ ತಾಯಿಯ ಮಕ್ಕಳು. ನನ್ನ ಸ್ಕರ್ಟಿನ ಹುಕ್ಕೂ ಚಳಿಗಾಲದಿಂದ ಬಿಚ್ಚಿಯೇ ಇದೆ. ನಿನ್ನದು ಬೀನ್ಸು, ನನ್ನದು ಪಾಸ್ತಾ. ಅರ್ಧ ತಟ್ಟೆ ತಿನ್ನುವಷ್ಟರಲ್ಲಿ ಗಂಟಲವರೆಗೆ ಬಂದಿರುತ್ತದೆ, ಉಳಿದದ್ದನ್ನು ಮುದುಕಿಯ ಬೆಕ್ಕು ತಿನ್ನುತ್ತದೆ.

ಮಿಲುಟಿನ್‌ಗೆ ಹೇಳು, ಇನ್ನೊಂದು ಸಲ ದಪ್ಪ ಅಂದರೆ ನಾನು ಬಂದು ಅವನ ರಾಕಿಯಾ ಸಾರಾಯಿ ಬಾಟಲಿಗಳನ್ನೆಲ್ಲ ಬಾವಿಗೆ ಸುರಿಯುತ್ತೇನೆಂದು.

ನಿನ್ನ ದೆಸಂಕಾ


ದುಬೋಚ್ಕಾ
8 ಮೇ 2002

ಅಕ್ಕಾ,

ಕ್ರಿಸ್ತನು ಎದ್ದನು!

ಈಸ್ಟರ್ ಕಳೆಯಿತು. ಬೆಳಿಗ್ಗೆ ಚರ್ಚಿನಿಂದ ಬಂದು ಕೆಂಪು ಮೊಟ್ಟೆ ಒಂದಕ್ಕೊಂದು ಕುಟ್ಟಿದೆವು. ಮಿಲುಟಿನ್‌ನದು ಒಡೆಯಿತು, ನನ್ನದು ಗೆದ್ದಿತು. ಮೊದಲು ಬಣ್ಣ ಹಾಕಿದ ಮೊಟ್ಟೆಯನ್ನು ಮನೆ ಕಾಯಲಿ ಎಂದು ವಾಡಿಕೆಯಂತೆ ದೇವರ ಪಟದ ಮುಂದೆ ಇಟ್ಟಿದ್ದೇನೆ.

ಉಪವಾಸ ಬಿಡುವ ಹೊತ್ತಿಗೆ ನಾನು ಎಷ್ಟು ಕಾದಿರುತ್ತೇನೆ, ನಿನಗೆ ಗೊತ್ತು. ಎರಡು ತುತ್ತು ಮೊಟ್ಟೆ ಒಳಗೆ ಹೋಗುತ್ತಲೇ ಸಾಕಾಯಿತು. ಕುರಿಮರಿಯ ಮಾಂಸ ಮೇಜಿಗೆ ಬಂದಾಗ ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ. ಹಬ್ಬದ ದಿನ ಯಾಕೆ?

ಬೀನ್ಸ್ ನಿಲ್ಲಿಸಿದೆ. ಎಲೆಕೋಸಿನ ಪೀಪಾಯಿ ತೊಳೆದು ಬೋರಲು ಹಾಕಿದೆ. ಹೊಟ್ಟೆ ಮಾತ್ರ ಇಳಿಯಲಿಲ್ಲ.

ಪುದೀನಕ್ಕೆ ಧನ್ಯವಾದ. ಇನ್ನೂ ಇದ್ದರೆ ಕಳಿಸು.

ಯಾಗೋದಾ


ತ್ರಿಯೆಸ್ತೆ
20 ಮೇ 2002

ಯಾಗೋದಾ,

ನಿಜವಾಗಿ ಎದ್ದನು!

ಏಳು ವಾರ ಖಾಲಿ ಬಿಟ್ಟ ಹೊಟ್ಟೆಗೆ ಒಮ್ಮೆಲೇ ಕುರಿಮರಿ ತೋರಿಸಿದರೆ ಇನ್ನೇನು ಮಾಡೀತು? ಹೊಟ್ಟೆ ಕುಗ್ಗಿದೆ, ಅಷ್ಟೇ. ಗಂಜಿ ಕುಡಿ, ಮೊಸರು ತಿನ್ನು. ಹುಡುಗಿಯಂತೆ ಅಳಬೇಡ. ಒಂದು ತಿಂಗಳಲ್ಲಿ ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸಿದರಾಯಿತು. ಈಗ ಹೊಲದ ಕೆಲಸದ ಕಾಲ, ಪಟ್ಟಣಕ್ಕೆ ಅಲೆಯಲು ನಿನಗೆ ಪುರುಸೊತ್ತೆಲ್ಲಿ?

ಅವಸರದಲ್ಲಿ ಬರೆಯುತ್ತಿದ್ದೇನೆ. ರಾಡೋಯೆ ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ.

ದೆಸಂಕಾ


ದುಬೋಚ್ಕಾ
3 ಜುಲೈ 2002

ಅಕ್ಕಾ,

ಒಂದು ತಿಂಗಳು ಕಾಯಲಾಗಲಿಲ್ಲ. ಜೂನ್ ಮೊದಲ ವಾರ ಹೊಲದಲ್ಲಿ ಕೂತವಳು ಏಳಲಿಲ್ಲ. ಮಿಲುಟಿನ್ ಟ್ರಾಕ್ಟರಿನ ಹಿಂದಿನ ಗಾಡಿಯಲ್ಲಿ ಮಲಗಿಸಿಕೊಂಡು ಪಟ್ಟಣದ ಆಸ್ಪತ್ರೆಗೆ ಒಯ್ದ. ಹೊಟ್ಟೆಯಿಂದ ನೀರು ತೆಗೆದರು. ಒಂದು ಬಕೆಟ್ ನೀರು ಅಕ್ಕಾ, ಅಮ್ಮನಿಗೆ ತೆಗೆದಂಥದ್ದೇ. ಆಮೇಲೆ ಆಪರೇಷನ್ ಆಯಿತು. ಅಂಡಾಶಯದ ಕ್ಯಾನ್ಸರ್ ಎಂದರು. ಅಮ್ಮನ ಕಾಲದಲ್ಲಿ ಅದಕ್ಕೆ ಯಾರೂ ಹೆಸರು ಹೇಳಲಿಲ್ಲ. ನಾವು ಕೊಬ್ಬನ್ನು ಬೈದುಕೊಂಡು ಕೂತೆವು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ನೇರ. "ಹೊಟ್ಟೆ ಉಬ್ಬೋದು, ಎರಡು ತುತ್ತಿಗೇ ತುಂಬಿಹೋಗೋದು, ಪದೇ ಪದೇ ಮೂತ್ರಕ್ಕೆ ಹೋಗೋದು, ಇದೆಲ್ಲ ಯಾವಾಗಿಂದ?" ಎಂದು ಕೇಳಿದರು. ಉಪವಾಸದ ಮೊದಲ ವಾರದಿಂದ ಎಂದೆ. "ಮತ್ತೆ ಯಾಕಮ್ಮ ಬರಲಿಲ್ಲ?" ಅಂದರು.

ನಾನೇನು ಹೇಳಲಿ? ದೇವರು ಕೊಟ್ಟ ಕೃಪೆ ಅಂದುಕೊಂಡಿದ್ದೆ ಎನ್ನಲೆ? ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಪಾದ್ರಿ ಸವಾ ನೋಡಲು ಬಂದಿದ್ದರು. ಹಾಸಿಗೆಯ ಪಕ್ಕ ಟೋಪಿ ತಿರುಗಿಸುತ್ತಾ ಕೂತಿದ್ದು ಎದ್ದು ಹೋದರು. ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು.

ಇನ್ನು ಮೂರು ವಾರಕ್ಕೊಮ್ಮೆ ಡ್ರಿಪ್ ಮೂಲಕ ಔಷಧಿ ಹಾಕುತ್ತಾರಂತೆ, ಆರು ಸಲ. ಕೂದಲು ಹೋಗುತ್ತದೆ. ಹೋಗಲಿ.

ನಾನು ಏನು ತಿನ್ನಲಿ ಅಕ್ಕಾ? ಅದೊಂದು ಹೇಳು. ಅಮ್ಮ ಹೊಲಕ್ಕೆ ಹೋದಾಗ ನನಗೆ ತುತ್ತು ಕೊಟ್ಟು ಬೆಳೆಸಿದವಳು ನೀನೇ. ನೀನು ಹೇಳಿದ್ದನ್ನು ತಿನ್ನುತ್ತೇನೆ.

ಯಾಗೋದಾ


ತ್ರಿಯೆಸ್ತೆ
11 ಜುಲೈ 2002

ನನ್ನ ಚಿನ್ನ,

ಕಾಗದವನ್ನು ಮೆಟ್ಟಿಲ ಮೇಲೆ ನಿಂತೇ ಓದಿದೆ, ಅಲ್ಲೇ ಕೂತುಬಿಟ್ಟೆ. ಸಿನ್ಯೋರಾ ಒಳಗಿಂದ ಕರೆಯುತ್ತಿದ್ದಳು, ಕರೆಯಲಿ ಎಂದು ಬಿಟ್ಟೆ. ಪುದೀನ ಕುಡಿ ಎಂದು ಬರೆದ ಈ ಕೈ ಮುರಿದುಹೋಗಬಾರದಿತ್ತೇ?

ಇಲ್ಲಿಂದ ಹೊರಟು ಬಂದರೆ ಮುದುಕಿಯನ್ನು ನೋಡುವವರಿಲ್ಲ. ಆದರೆ ನಾನು ಸುಮ್ಮನೆ ಕೂತಿಲ್ಲ. ಗುರುವಾರ ಮಧ್ಯಾಹ್ನ ನಮಗೆಲ್ಲ ರಜೆ. ನಮ್ಮ ಕಡೆಯ ಹೆಂಗಸರೆಲ್ಲ ಕಾಲುವೆಯ ಹತ್ತಿರ, ಸರ್ಬಿಯನ್ ಚರ್ಚಿನ ಎದುರಿನ ಬೆಂಚುಗಳ ಮೇಲೆ ಸೇರುತ್ತೇವೆ. ಎಲ್ಲರನ್ನೂ ಕೇಳಿದೆ. ಒಬ್ಬಳ ಅತ್ತಿಗೆಗೆ ಇದೇ ಆಗಿತ್ತಂತೆ, ಈಗ ಗುಣವಾಗಿ ಎರಡು ಹಸು ಕರೆಯುತ್ತಾಳಂತೆ. "ಗಡ್ಡೆಗೂ ಊಟ ಬೇಕು ಕಣೆ, ನೀನು ತಿಂದರೆ ಅದೂ ತಿನ್ನುತ್ತೆ. ಅದನ್ನು ಉಪವಾಸ ಕೆಡವು, ತಾನಾಗೇ ಸಾಯುತ್ತೆ" ಅಂದಳು. ಕೇಳಿದ ಕೂಡಲೇ ನನ್ನ ಮನಸ್ಸಿಗೆ ಹಿಡಿಸಿತು.

ಆದ್ದರಿಂದ ಕೇಳು: ಮಾಂಸ ಬೇಡ. ಹಾಲು, ಗಿಣ್ಣು, ಮೊಟ್ಟೆ ಬೇಡ. ಸಕ್ಕರೆ, ಬಿಳಿ ಬ್ರೆಡ್ಡು ವಿಷವೆಂದು ತಿಳಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಸಿ ಬೀಟ್ರೂಟ್ ರಸ. ಹಸಿವಾದರೆ ಬೇಯಿಸಿದ ಸೊಪ್ಪು. ನೀನು ಉಪವಾಸ ಬಲ್ಲವಳು, ನಿನಗೆ ಇದು ಕಷ್ಟವಲ್ಲ. ಇದನ್ನು ಇನ್ನೊಂದು ದೊಡ್ಡ ಉಪವಾಸ ಅಂದುಕೋ. ಮಿಲುಟಿನ್ ತಿನ್ನು ತಿನ್ನು ಎಂದು ಪೀಡಿಸುತ್ತಾನೆ, ಅವನ ಮಾತು ಕೇಳಬೇಡ.

ನನ್ನ ಚಿಂತೆ ಮಾಡಬೇಡ. ಚೆನ್ನಾಗಿದ್ದೇನೆ. ನಾಲ್ಕು ಮಹಡಿ ಹತ್ತಿ ಬಂದರೆ ಬಾಗಿಲು ತೆರೆಯುವ ಮೊದಲೇ ಮೂತ್ರಕ್ಕೆ ಓಡಬೇಕು, ವಯಸ್ಸು ನೋಡು.

ನಿನ್ನ ದೆಸಂಕಾ


ದುಬೋಚ್ಕಾ
19 ಆಗಸ್ಟ್ 2002

ಅಕ್ಕಾ,

ನೀನು ಹೇಳಿದಂತೆಯೇ ನಡೆಯುತ್ತಿದ್ದೇನೆ. ನಿನ್ನ ಕಾಗದವನ್ನು ದೇವರ ಪಟದ ಪಕ್ಕ, ಕೆಂಪು ಮೊಟ್ಟೆಯ ಹಿಂದೆ ನಿಲ್ಲಿಸಿದ್ದೇನೆ. ಬೀಟ್ರೂಟ್ ತುರಿದು ತುರಿದು ಬೆರಳೆಲ್ಲ ಕೆಂಪು. ಎರಡು ಡ್ರಿಪ್ ಆಯಿತು. ಹಗುರವಾಗಿದ್ದೇನೆ, ಗಾಳಿ ಬಂದರೆ ಹಾರಿಹೋಗುತ್ತೇನೆಂದು ಮಿಲುಟಿನ್ ತಮಾಷೆ ಮಾಡುತ್ತಾನೆ.

ಡಾಕ್ಟರಮ್ಮ ಒಳ್ಳೆಯವರು. ಎಲ್ಲ ಸರಿಯಾಗಿದೆ. ಚಿಂತೆ ಬೇಡ.

ಯಾಗೋದಾ


ದುಬೋಚ್ಕಾ
5 ಸೆಪ್ಟೆಂಬರ್ 2002

ದೆಸಂಕಾ ಅತ್ತಿಗೆಗೆ,

ನಾನು ಮಿಲುಟಿನ್. ಮದುವೆಯಾದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ತಪ್ಪಿದ್ದರೆ ತಿದ್ದಿಕೊಳ್ಳಿ.

ಎಲ್ಲ ಸರಿಯಾಗಿದೆ ಎಂದು ಅವಳು ಬರೆದದ್ದನ್ನು ನಾನು ನೋಡಿದೆ. ನಾನು ತಮಾಷೆ ಮಾಡುತ್ತಿಲ್ಲ ಅತ್ತಿಗೆ. ನಿನ್ನೆ ಅವಳನ್ನು ಪಕ್ಕದ ಮನೆಯವರ ಕಾರಿನಿಂದ ಆಸ್ಪತ್ರೆಯೊಳಗೆ ಎತ್ತಿಕೊಂಡು ಹೋದೆ. ಗೊಬ್ಬರದ ಅರ್ಧ ಚೀಲದಷ್ಟೂ ಭಾರವಿಲ್ಲ. ಮೂರನೇ ಡ್ರಿಪ್ ಎರಡು ಸಲ ಮುಂದೆ ಹೋಗಿದೆ. ರಕ್ತ ತೀರ ಕಡಿಮೆ. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದರು, "ಈ ಮೈಗೆ ನಾನು ಔಷಧಿ ಹಾಕೋಕಾಗಲ್ಲ. ಹಾಕಿದ್ರೆ ಔಷಧಿಯೇ ಕೊಲ್ಲುತ್ತೆ. ಹಾಕದಿದ್ರೆ ಅದು ಬೆಳೆಯುತ್ತೆ. ಮೊದಲು ತಿನ್ನಿಸಿ."

ಕೋಳಿಸಾರು ಮಾಡಿದೆ. ನನಗೆ ಮಾಡಲು ಬರುವುದಿಲ್ಲ, ಆದರೂ ಮಾಡಿದೆ. ಪಟದ ಕಡೆ ಕೈ ತೋರಿಸಿ, "ಅಕ್ಕ ಬೇಡ ಅಂದಿದ್ದಾಳೆ" ಎಂದಳು. ಬೇಡಿಕೊಂಡೆ, ಕೂಗಾಡಿದೆ, ತಟ್ಟೆ ಒಡೆದೆ. ಪಾದ್ರಿಯೂ ಬಂದು ಹೇಳಿದರು. ಅವರನ್ನು ನೋಡಿ ಮುಖ ತಿರುಗಿಸಿದಳು. ಅವಳು ಕೇಳುವುದು ನಿಮ್ಮ ಮಾತು ಮಾತ್ರ.

ನೀವು ಕೆಟ್ಟದ್ದು ಬಯಸಿದಿರಿ ಎಂದು ನಾನು ಹೇಳುವುದಿಲ್ಲ. ಆದರೆ ನನ್ನ ಹೆಂಡತಿ ನಿಮ್ಮ ಪ್ರೀತಿಯಿಂದ ಸಾಯುತ್ತಿದ್ದಾಳೆ. ಮುಂದಿನ ತಾರೀಖು 26ಕ್ಕೆ ಕೊಟ್ಟಿದ್ದಾರೆ. ಏನು ಬರೆಯುತ್ತೀರೋ ಬರೆಯಿರಿ, ಬೇಗ ಬರೆಯಿರಿ.

ಮಿಲುಟಿನ್


ತ್ರಿಯೆಸ್ತೆ
13 ಸೆಪ್ಟೆಂಬರ್ 2002

ಯಾಗೋದಾ,

ಪಟದ ಪಕ್ಕದಲ್ಲಿರುವ ಆ ಕಾಗದವನ್ನು ಈಗಲೇ ತೆಗೆದು ಒಲೆಗೆ ಹಾಕು. ಹಾಕಿದೆಯಾ? ಹಾಕಿ ಬಂದು ಮುಂದೆ ಓದು.

ಸಿನ್ಯೋರಾಳನ್ನು ನೋಡಲು ಬರುವ ಡಾಕ್ಟರನ್ನು ಬಾಗಿಲಲ್ಲೇ ಅಡ್ಡಗಟ್ಟಿ ನಿನ್ನ ವಿಷಯವೆಲ್ಲ ಹೇಳಿದೆ. ಗಡ್ಡೆಯನ್ನು ಉಪವಾಸ ಕೆಡವಬೇಕಂತೆ ಎಂದೆ. ಆತ ಬ್ಯಾಗು ಕೆಳಗಿಟ್ಟ. "ಹಸಿವಿಂದ ಮೊದಲು ಸಾಯೋದು ನಿಮ್ಮ ತಂಗಿ ಕಣಮ್ಮ. ಗಡ್ಡೆ ಅವರ ಮೈಯಿಂದ ಕಿತ್ತು ತಿಂತಾ ಇರುತ್ತೆ" ಅಂದ. ಎರಡು ಹಸು ಕರೆಯುವ ಆ ಅತ್ತಿಗೆಯ ವಿಷಯವನ್ನೂ ಈ ಗುರುವಾರ ಬಿಡಿಸಿ ಕೇಳಿದೆ. ಅವಳಿಗಾದದ್ದು ಬೇರೆಯೇ ಕಾಯಿಲೆಯಂತೆ, ಪಿತ್ತಕೋಶದಲ್ಲಿ ಕಲ್ಲು. ಬೆಂಚಿನ ಮೇಲೆ ಕೂತು ನಾನು ಆಡಿದ ಬೈಗುಳಕ್ಕೆ ಚರ್ಚಿನ ಗಂಟೆಯೂ ನಾಚಬೇಕು.

ನಾನು ತಪ್ಪು ಮಾಡಿದೆ. ತಿಳಿಯದೆ, ಎಲ್ಲ ತಿಳಿದವಳಂತೆ ಬರೆದೆ. ನಿನಗಾಗಿ ನಾನು ಏನಾದರೂ ಮಾಡಲೇಬೇಕಿತ್ತು, ಕೈಗೆ ಸಿಕ್ಕಿದ್ದು ನಿನ್ನ ತಟ್ಟೆ.

ಈಗ ಹೇಳುವುದನ್ನು ಕೇಳು. ಈಸ್ಟರ್ ದಿನ ನೀನು ಸರಿಯಾಗಿ ಉಪವಾಸ ಬಿಡಲೇ ಇಲ್ಲ. ಎರಡು ತುತ್ತು ಮೊಟ್ಟೆ ಲೆಕ್ಕಕ್ಕಿಲ್ಲ. ಇಲ್ಲಿನ ನಮ್ಮ ಪಾದ್ರಿಯನ್ನೂ ಕೇಳಿದ್ದೇನೆ, ಕಾಯಿಲೆಯವರಿಗೆ ಉಪವಾಸವೇ ಇಲ್ಲವಂತೆ. ಆದ್ದರಿಂದ ಈ ಕಾಗದ ಸಿಕ್ಕ ದಿನವೇ ನಿನ್ನ ಈಸ್ಟರ್. ಕೆಂಪಗಾಗಲು ಈರುಳ್ಳಿ ಸಿಪ್ಪೆ ಹಾಕಿ ಎರಡು ಮೊಟ್ಟೆ ಬೇಯಿಸು. ಪಟದ ಮುಂದಿನ ಹಳೆಯದನ್ನು ಮುಟ್ಟಬೇಡ, ಅದು ಮನೆ ಕಾಯಲಿ. ಮಿಲುಟಿನ್ ಈಸ್ಟರಿಗೆ ಹೇಳಬೇಕಾದದ್ದನ್ನು ಹೇಳಲಿ, ನೀನು ಉತ್ತರ ಕೊಡು, ಮೊಟ್ಟೆ ಕುಟ್ಟಿ, ತಿನ್ನು. ಒಂದೇ ಸಲಕ್ಕೆ ಆಗದಿದ್ದರೆ ದಿನವಿಡೀ ಚೂರು ಚೂರೇ ತಿನ್ನು. ಆಮೇಲೆ ಮೊಸರು, ಕೆನೆ, ಕೋಳಿಸಾರು. ಡಾಕ್ಟರಮ್ಮ ಹೇಳಿದ್ದೆಲ್ಲ ತಿನ್ನು. ಪಾದ್ರಿ ಸವಾ ಕೇಳಿದರೆ ನನ್ನ ಹೆಸರು ಹೇಳು.

ಉಪವಾಸ ಸಾಕು ಮಗಳೇ. ತಿನ್ನು.

ದೆಸಂಕಾ


ದುಬೋಚ್ಕಾ
20 ಅಕ್ಟೋಬರ್ 2002

ಅಕ್ಕಾ,

ಕಾಗದ ಬಂದ ದಿನ ಮಿಲುಟಿನ್ ಹೊಸ ಅಂಗಿ ಹಾಕಿಕೊಂಡ. ಹಿತ್ತಲಿನ ಮೇಜಿನ ಹತ್ತಿರ ನಿಂತು, ಸೆಪ್ಟೆಂಬರ್ ತಿಂಗಳಲ್ಲಿ, ಊರಿಗೇ ಕೇಳುವಂತೆ "ಕ್ರಿಸ್ತನು ಎದ್ದನು!" ಎಂದ. ಬೇಲಿಯಾಚೆಯಿಂದ ಪಕ್ಕದ ಮನೆಯವಳು, "ಮಿಲುಟಿನ್, ಬೆಳಿಗ್ಗೆ ಬೆಳಿಗ್ಗೆನೇ ಕುಡಿಯೋಕೆ ಶುರು ಮಾಡ್ಕೊಂಡ್ಯಾ?" ಎಂದಳು. ನನಗೆ ನಗು ಬಂತು. ನಗುತ್ತಲೇ ಮೊಟ್ಟೆಯ ಹಳದಿ ಭಾಗವನ್ನೆಲ್ಲ ತಿಂದೆ. ಉಳಿದದ್ದು ಸಂಜೆ ಹೋಯಿತು. ಮಿಲುಟಿನ್ ಎದುರು ಕೂತು ಒಂದೊಂದು ಚೂರನ್ನೂ ನೋಡುತ್ತಿದ್ದ. ಅವನು ಅತ್ತದ್ದನ್ನು ನಾನು ನೋಡದ ಹಾಗೆ ಇದ್ದೆ.

26ಕ್ಕೆ ರಕ್ತ ಇನ್ನೂ ಸಾಲದೆಂದು ಇನ್ನೊಂದು ವಾರ ಕಾಯಿಸಿದರು. ಆಮೇಲೆ ಮೂರನೆಯದು ಹಾಕಿದರು. ಈ ಗುರುವಾರ ನಾಲ್ಕನೆಯದು. ಗುಣವಾಗುತ್ತದೆಯೇ ಎಂದರೆ ಡಾಕ್ಟರಮ್ಮ "ನೋಡೋಣ" ಎನ್ನುತ್ತಾರೆ. ಸುಳ್ಳು ಹೇಳುವವರಲ್ಲ, ಅದಕ್ಕೇ ಆ "ನೋಡೋಣ" ನನಗೆ ಸಾಕು.

ಅವರನ್ನು ಕೇಳಿಯೇಬಿಟ್ಟೆ, ಅಮ್ಮನ ಹಂದಿಕೊಬ್ಬಿನಿಂದ ಇದು ಬಂತಾ ಎಂದು. "ಕೊಬ್ಬು ಕಡಿಮೆ ಮಾಡಿ, ತರಕಾರಿ ತಿನ್ನಿ, ತೂಕ ಹಿಡಿತದಲ್ಲಿಡಿ, ಮೈಗೆ ಒಳ್ಳೇದೇ. ಆದ್ರೆ ಇಂಥದ್ದು ತಿಂದಿದ್ದಕ್ಕೇ ಬಂತು, ಬಿಟ್ಟಿದ್ರೆ ಬರ್ತಿರಲಿಲ್ಲ ಅಂತ ಯಾರೂ ಹೇಳೋಕಾಗಲ್ಲ. ತಾಯಿಗೆ ಬಂದು ಮಗಳಿಗೂ ಬಂದಿದೆ ಅಂದ್ರೆ ನಾನು ತಟ್ಟೆ ನೋಡೋಲ್ಲ, ರಕ್ತಸಂಬಂಧ ನೋಡ್ತೀನಿ" ಎಂದರು. ಇಷ್ಟು ವರ್ಷ ನಾವು ಅಮ್ಮನನ್ನು ಸುಮ್ಮನೆ ಬೈದೆವು ಅಕ್ಕಾ. ಅವಳ ಸಮಾಧಿಗೆ ಹೋಗಿ, ಒಂದು ತುಂಡು ಬ್ರೆಡ್ಡಿಗೆ ಕೊಬ್ಬು ಸವರಿ ಇಟ್ಟು ಬಂದೆ.

ಆಮೇಲೆ ಡಾಕ್ಟರಮ್ಮ, "ಅಕ್ಕತಂಗಿಯರು ಇದ್ದಾರಾ?" ಎಂದರು.

ಡ್ರಿಪ್ ಹನಿಯುವಾಗ ಮಾಡಲು ಕೆಲಸವಿರುವುದಿಲ್ಲ. ನಿನ್ನ ಹಳೆಯ ಕಾಗದಗಳನ್ನು ಒಯ್ದಿದ್ದೆ, ಓದಿದೆ. ಏಪ್ರಿಲ್‌ನಲ್ಲಿ ಬರೆದದ್ದು ನೆನಪಿದೆಯಾ? ಸ್ಕರ್ಟಿನ ಹುಕ್ಕು ಚಳಿಗಾಲದಿಂದ ಬಿಚ್ಚಿದೆ. ಅರ್ಧ ತಟ್ಟೆಗೇ ಗಂಟಲವರೆಗೆ. ಜುಲೈ ಕಾಗದ ಒಲೆಗೆ ಹೋಯಿತು, ಆದರೂ ಅದರ ಸಾಲು ಬಾಯಿಪಾಠ: ಬಾಗಿಲು ತೆರೆಯುವ ಮೊದಲೇ ಮೂತ್ರಕ್ಕೆ ಓಡಬೇಕು. ನಾನದನ್ನು ಓದಿ ಆಗ ನಕ್ಕಿದ್ದೆ. ಈಗ ಧಡಕ್ಕನೆ ಎದ್ದು ಕೂತೆ, ಸೂಜಿ ಅಲುಗಿತು, ನರ್ಸ್ ಬೈದಳು.

ದೀಪದ ಬುಡದಲ್ಲೇ ಕತ್ತಲೆ. ನನ್ನ ತಟ್ಟೆಯಲ್ಲಿ ಏನಿದೆ ಎಂದು ತ್ರಿಯೆಸ್ತೆಯಿಂದ ನೀನು ನೋಡಿದೆ, ನಿನ್ನ ಹೊಟ್ಟೆ ನಿನಗೆ ಕಾಣಲಿಲ್ಲ. ಪಾಸ್ತಾ ಅನ್ನಬೇಡ. ನಾನು ಬೀನ್ಸ್ ಅಂದಿದ್ದೆ. ವಯಸ್ಸು ಅನ್ನಬೇಡ. ಮುದುಕಿಯನ್ನು ಒಂದು ದಿನ ಯಾರಾದರೂ ನೋಡಿಕೊಳ್ಳಲಿ, ಬೆಕ್ಕು ನೋಡಿಕೊಳ್ಳಲಿ.

ಹುಟ್ಟಿದಾಗಿನಿಂದ ನೀನು ಹೇಳಿದ್ದನ್ನು ನಾನು ಕೇಳಿದ್ದೇನೆ. ತಿನ್ನಬೇಡ ಅಂದೆ, ತಿನ್ನಲಿಲ್ಲ. ತಿನ್ನು ಅಂದೆ, ತಿಂದೆ. ಈಗ ನಾನು ಹೇಳುತ್ತೇನೆ, ನೀನು ಕೇಳು. ಡಾಕ್ಟರ ಹತ್ತಿರ ಹೋಗು. ಹೋಗಿ ಬಂದೆ ಎಂದು ನೀನು ಬರೆಯುವವರೆಗೆ ನಾನು ನಿನಗೆ ಕಾಗದ ಬರೆಯುವುದಿಲ್ಲ.

ಯಾಗೋದಾ


ತ್ರಿಯೆಸ್ತೆ
14 ನವೆಂಬರ್ 2002

ಯಾಗೋದಾ,

ಹೋಗಿ ಬಂದೆ.

ನಿನ್ನ ಕಾಗದವನ್ನು ಒಂದು ವಾರ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ನಿನ್ನ ಮೇಲೆ ಸಿಟ್ಟು ಬಂದಿತ್ತು. ಚಿಕ್ಕವಳಿಗೆ ಎಷ್ಟು ಬಾಯಿ ಎಂದು. ಸಿಟ್ಟಲ್ಲ, ಭಯ. ಸಿನ್ಯೋರಾಳ ಎದುರು ಪೂರ್ತಿ ತಟ್ಟೆ ತಿಂದು ತೋರಿಸಲು ನೋಡಿದೆ, ಆಗಲಿಲ್ಲ. ಮಾರನೆಯ ದಿನ ಹೋದೆ.

ಎಡಗಡೆಯ ಅಂಡಾಶಯದಲ್ಲಿ ಇದೆ. ನೀರು ಇನ್ನೂ ತುಂಬಿಲ್ಲ. ಹರಡಿದಂತೆ ಕಾಣುವುದಿಲ್ಲ, ತೆರೆದು ನೋಡಿದರೇ ಗೊತ್ತು ಎಂದರು. ಮುಂದಿನ ಮಂಗಳವಾರ ಆಪರೇಷನ್. ಒಳ್ಳೆಯ ಹೊತ್ತಿಗೆ ಬಂದಿರಿ ಎಂದು ಡಾಕ್ಟರು ಎರಡು ಸಲ ಹೇಳಿದರು. ಯಾರು ಕಳಿಸಿದರು ಎಂದು ಕೇಳಲಿಲ್ಲ, ನಾನೇ ಹೇಳಿದೆ.

ನನಗೆ ತುಂಬಾ ಭಯವಾಗುತ್ತಿದೆ ಕಣೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಒಳಗೆ ಕರೆಯುವ ಮೊದಲು ಒಬ್ಬ ನರ್ಸ್ ಎದುರು ಕೂತು ಪ್ರಶ್ನೆ ಕೇಳುತ್ತಾ ಬರೆದುಕೊಳ್ಳುತ್ತಿದ್ದಳು. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತಾ ಎಂದಳು. ನಮ್ಮಮ್ಮನಿಗೆ ಎಂದೆ. ಅಮ್ಮನಿಗೆ ಈ ಕಾಯಿಲೆ ಇತ್ತೆಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಮೇಲೆ, ತಂಗಿಗೆ ಎಂದೆ. ಅವಳ ಪೆನ್ನು ನಿಂತಿತು. ತಲೆಯೆತ್ತಿ, ಮೆಲ್ಲಗೆ, "ತಂಗಿ ಇದ್ದಾರಾ?" ಎಂದು ಕೇಳಿದಳು.

"ಇದ್ದಾಳೆ," ಎಂದೆ. "ಊಟ ಮಾಡ್ತಿದ್ದಾಳೆ."

ದೆಸಂಕಾ